ಹೊಳೆಗೆ ಮಡಿಲು ತುಂಬಿದ್ದು

ಮದುವೆಯಾಗಿ ಬಂದ ಹೊಸತರಲ್ಲಿ "ಹೊಳೆ ಎಲ್ಲಿದೆ?" ಎಂದು ಕೇಳಿ ಮನೆಮಂದಿಯನ್ನೆಲ್ಲ ನಗಿಸಿದವಳು ನಾನು. ಹುಟ್ಟಿದ್ದು ಕಲ್ಲು ಕೆತ್ತುವವರ ಊರು ಶಿವಾರಪಟ್ಟಣದಲ್ಲಿ, ಕಲ್ಲಿನ ಧೂಳು ಕುಡಿದು ಬೆಳೆದವಳು. ಪಾಲಾರ್ ದಂಡೆಯ ಊರಿಗೆ ಕೊಡುತ್ತಾರೆ ಎಂದಾಗ, ಸದ್ಯ, ಸೀರೆ ಒಗೆಯಲು ಹರಿಯುವ ನೀರು ಸಿಕ್ಕಿತು ಎಂದು ಖುಷಿಪಟ್ಟಿದ್ದೆ. ಅತ್ತೆ ಕರೆದುಕೊಂಡು ಹೋಗಿ ತೋರಿಸಿದ್ದು ಬರೀ ಮರಳು, ಜಾಲಿಗಿಡ. ಆಮೇಲೆ ಅವರೇ ಕೂತು ಮೊಣಕೈ ಆಳಕ್ಕೆ ಮರಳು ಬಗೆದರು. ತಳದಲ್ಲಿ ತಣ್ಣಗೆ ನೀರು ಜಿನುಗಿತು. ಬೊಗಸೆಯಲ್ಲಿ ಕುಡಿಸಿ, "ಎಲ್ಲೂ ಹೋಗಿಲ್ಲ ಕಣಮ್ಮಾ, ಒಳಗವ್ಳೆ" ಎಂದರು.

ಬೆಟ್ಟದಲ್ಲಿ ಹುಟ್ಟಿಯೂ ಇಷ್ಟು ತಾಳ್ಮೆಯ ನದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಂದಿಯ ಕಡೆಯ ಬೆಟ್ಟಗಳಿಂದ ಇಳಿದು, ದಾರಿಯ ಕೆರೆಗಳನ್ನೆಲ್ಲ ತುಂಬಿಸಿ, ಉಳಿದರೆ ಮಾತ್ರ ನಮ್ಮೂರಿಗೆ ಬರುತ್ತಾಳೆ. ಎಲ್ಲರಿಗೂ ಬಡಿಸಿ ಕೊನೆಗೆ ಎಲೆ ಹಾಕಿಕೊಳ್ಳುವ ಹೆಂಗಸಿನ ಹಾಗೆ.

ವರ್ಷಗಟ್ಟಲೆ ಏನೂ ಉಳಿಯಲಿಲ್ಲ. ಊರಿನವರು ಹೊಳೆಯ ಪಾತ್ರವನ್ನೇ ಕಣ ಮಾಡಿಕೊಂಡರು. ಮಾವ ಕೊಯ್ದ ರಾಗಿಯ ಮೆದೆ ಒಟ್ಟುತ್ತಿದ್ದದ್ದೂ ಅಲ್ಲೇ, ನಟ್ಟನಡುವೆ. ನಮ್ಮ ವರ್ಷದ ಮುದ್ದೆ, ಹಸುಗಳ ವರ್ಷದ ಹುಲ್ಲು, ಎರಡೂ ಆ ಮೆದೆಯಲ್ಲಿ.

ಒಂದು ವರ್ಷ ಸೈಕ್ಲೋನ್ ಮಳೆ ಬಿಡದೆ ಹಿಡಿಯಿತು. ಮಳೆ ನಿಂತ ಬೆಳಗ್ಗೆ ಮೇಲಿನ ತೋಟದವನು ಓಡಿಬಂದ. "ಮೇಲ್ಗಡೆ ಕೆರೆ ಕೋಡಿ ಬಿದ್ದೈತೆ! ಏರು ವಚ್ಚಿಂದಿ!" ಹೊಳೆ ಬಂತು ಎಂದು ತೆಲುಗಿನಲ್ಲಿ ಕೂಗುತ್ತಲೇ ಮುಂದಕ್ಕೆ ಓಡಿದ.

ಮಾವ, ಗಂಡ, ನಾನು ಮೆದೆಯ ಕಡೆ ಓಡಿದೆವು. ಅತ್ತೆ ಮನೆಯ ಕಡೆ ಓಡಿದರು, ಅರಿಸಿನ ಕುಂಕುಮ ತರಲು! "ಲೇ, ಮೊದ್ಲು ಕಂತೆ ಹೊರು ಬಾರೇ, ಪೂಜೆ ಆಮೇಲೆ!" ಎಂದು ಮಾವ ಬೊಬ್ಬೆ ಹೊಡೆದರು.

ಅವಳು ಬಂದದ್ದನ್ನು ಹೇಗೆ ಹೇಳಲಿ? ಅಬ್ಬರವೇ ಇಲ್ಲ. ನೊರೆ, ತರಗೆಲೆ, ಗೆದ್ದಲು ತಿಂದ ಕಡ್ಡಿಗಳನ್ನು ಮುಂದಿಟ್ಟುಕೊಂಡು ನಡೆದೇ ಬಂದಳು. ಮರಳು ಕುಡಿಯುವಷ್ಟು ಹೊತ್ತು ನಿಂತು, ಗುಂಡಿ ಸಿಕ್ಕಲ್ಲೆಲ್ಲ ತುಂಬಿಸಿ, ಮತ್ತೆ ಹೊರಟಳು. ಎಂಥ ಚೆಂದ! ತಲೆಯ ಮೇಲೆ ಕಂತೆ ಇದ್ದದ್ದೂ ಮರೆತು ನಿಂತುಬಿಟ್ಟೆ, ಕಣ್ಣು ತುಂಬಿಬಂತು. ಗಂಡ ಗದರಿದ ಮೇಲೆಯೇ ಕಾಲು ಕಿತ್ತದ್ದು.

ಆ ನಿಧಾನವೇ ನಮ್ಮನ್ನು ಉಳಿಸಿತು. ಮೆದೆ ದಂಡೆ ಸೇರುವಷ್ಟರಲ್ಲಿ ನೀರು ನಮ್ಮ ಪಾದ ಮುಟ್ಟಿತ್ತು. ಕೊನೆಯ ಕಂತೆ, ಅರಿಸಿನ ಕುಂಕುಮ ಸೆರಗಿಗೆ ಕಟ್ಟಿಕೊಂಡು ವಾಪಸು ಬಂದಿದ್ದ ಅತ್ತೆಯ ಕೈಯಲ್ಲಿತ್ತು. ಅವರು ಮಾತ್ರ ದಂಡೆ ಹತ್ತಲಿಲ್ಲ. ಕಂತೆಗೆ ಅರಿಸಿನ ಕುಂಕುಮ ಹಚ್ಚಿ ನೀರಿಗೆ ಬಿಟ್ಟರು.

"ಏನೇ ಮಾಡ್ದೆ!" ಮಾವ ಕಿರುಚಿದರು.

"ಮಗಳು ತವರಿಗೆ ಬಂದವ್ಳೆ. ಮಡಿಲು ತುಂಬದೆ ಕಳಿಸಕ್ಕಾಯ್ತದಾ?"

ಅಂಗಳದಲ್ಲಿ ನಾಲ್ಕು ಕಾಳು ಚೆಲ್ಲಿದರೂ ಊರಿಗೆ ಕೇಳುವಂತೆ ಕೂಗಾಡುವ ಮನುಷ್ಯ ನಮ್ಮ ಮಾವ. ಕಂತೆ ತೇಲುತ್ತ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದರು. ಆಮೇಲೆ ದಂಡೆಯ ಮೇಲಿದ್ದ ರಾಶಿಯಲ್ಲಿ ಹುಡುಕಿ, ತೆನೆ ದಪ್ಪಗಿದ್ದ ಇನ್ನೊಂದು ಕಂತೆ ಆರಿಸಿಕೊಂಡು, ಪಂಚೆ ಎತ್ತಿ ಕಟ್ಟಿ ನೀರಿಗಿಳಿದರು.