ಒಂಬತ್ತು ದಿನದ ಸೊನ್ನೆ

ಗ್ರಾಫ್ ನೋಡಿ ತಲೆ ಕೆಟ್ಟುಹೋಯಿತು. ಒಂಬತ್ತು ದಿನ ಸಾಲಾಗಿ ಸೊನ್ನೆ.

ನಮ್ಮದು ದೊಡ್ಡಬಳ್ಳಾಪುರದಲ್ಲಿ ಒಂದು ಚಿಕ್ಕ ಸಿವಿಲ್ ಎಂಜಿನಿಯರಿಂಗ್ ಆಫೀಸ್. ದೇವನಹಳ್ಳಿ ಏರ್‌ಪೋರ್ಟ್ ಹತ್ತಿರದ ಹೊಸ ಲೇಔಟಿನ ನೀರಿನ ಟ್ಯಾಂಕಿಗೆ ದಿನಾ ಸ್ವಲ್ಪ ಸ್ವಲ್ಪ ನೀರು ತುಂಬಿಸಿ, ತಳಪಾಯ ಎಷ್ಟು ಮಿಲಿಮೀಟರ್ ಕುಸಿಯುತ್ತದೆ ಎಂದು ನೋಡಬೇಕಿತ್ತು.

ಅಳತೆ ತೆಗೆಯುವವರು ನಮ್ಮ ಫೀಲ್ಡ್ ಅಸಿಸ್ಟೆಂಟ್ ಗಂಗಪ್ಪಣ್ಣ. ಬೆಳಿಗ್ಗೆ ತೂಬಗೆರೆಯಿಂದ ಬೈಕಿನಲ್ಲಿ ನೇರ ಸೈಟಿಗೆ ಹೋಗುತ್ತಾರೆ. ಮಧ್ಯಾಹ್ನ ಆಫೀಸಿಗೆ ಬಂದ ಮೇಲೆ ಅಳತೆಗಳು ಎಕ್ಸೆಲ್ ಶೀಟಿಗೆ ಹೋಗುತ್ತವೆ. ಆ ಶೀಟನ್ನು ಲೆಕ್ಕದ ಸಾಫ್ಟ್‌ವೇರಿಗೆ ಇಂಪೋರ್ಟ್ ಮಾಡುವುದು ನನ್ನ ಕೆಲಸ.

ಮೊದಲ ವಾರದ ಅಂಕಿಗಳು ಸರಿಯಾಗಿದ್ದವು. ಆಮೇಲೆ ಬರೀ ಸೊನ್ನೆ... ಅಷ್ಟು ನೀರು ತುಂಬಿದರೂ ಕೂದಲೆಳೆಯಷ್ಟೂ ಕುಸಿಯಲಿಲ್ಲ ಅಂದರೆ ಯಾರು ನಂಬುತ್ತಾರೆ?

ಬಾಸ್ ಹಿಂದೆ ಬಂದು ನಿಂತು ನೋಡಿದರು. “ಮನೇಲ್ ಕೂತ್ಕೊಂಡು ಬರ್ದಿದ್ದಾನೆ. ನಾಳೆಯಿಂದ ಬರೋದ್ ಬೇಡ ಅಂತ ಹೇಳ್ಬಿಡಿ.”

ನನಗೂ ಸಿಟ್ಟು ಬಂದಿತ್ತು. ಸಿಟ್ಟು ಬಂದಾಗ ನನ್ನ ಕೈಗೆ ಮೊದಲು ಸಿಗುವುದೇ ಫೋನು.

“ಗಂಗಪ್ಪಣ್ಣ, ನಿಜ ಹೇಳಿ. ನೀವು ಸೈಟಿಗೆ ಹೋಗ್ತಾನೇ ಇಲ್ಲ ಅಲ್ವಾ?”

“ಮೇಡಂ, ಏನೂ ಕೇಳಿಸ್ತಿಲ್ಲ, ಮೇಲೆ ಫ್ಲೈಟ್ ಹೋಗ್ತಾ ಐತೆ. ಇನ್ನೊಂದ್ಸಲ ಹೇಳಿ!”

ಇನ್ನೊಂದು ಸಲ ಹೇಳಿದೆ. ಜೋರಾಗಿ, ಇಡೀ ಆಫೀಸಿಗೆ ಕೇಳುವ ಹಾಗೆ.

“ಬರ್ತೀನಿ ಮೇಡಂ” ಅಂತಷ್ಟೇ ಹೇಳಿ ಫೋನ್ ಇಟ್ಟರು.

ಒಂದು ಗಂಟೆಯಲ್ಲಿ ಬಂದರು. ತಮ್ಮ ನೋಟ್‌ಬುಕ್ ನನ್ನ ಟೇಬಲ್ ಮೇಲಿಟ್ಟರು.

ದಿನ, ಗಂಟೆ, ಟ್ಯಾಂಕಿನ ನಾಲ್ಕು ಮೂಲೆಯ ಅಳತೆ, ಒಂದೂ ಬಿಟ್ಟಿಲ್ಲ. ಎಲ್ಲವೂ ದುಂಡನೆಯ ಕನ್ನಡ ಅಂಕಿಗಳಲ್ಲಿ. ೨.೪, ೨.೬, ೩.೧...

ಆಗ ಎಕ್ಸೆಲ್ ಶೀಟ್ ತೆರೆದೆ. ಹೌದು, ಆಗಲೇ ತೆರೆದದ್ದು. ಇಂಪೋರ್ಟ್ ಮಾಡಿದ್ದೆನೇ ಹೊರತು ಒಳಗೆ ಏನಿದೆ ಅಂತ ನೋಡಿರಲಿಲ್ಲ.

ಅಲ್ಲೂ ಕನ್ನಡ ಅಂಕಿಗಳೇ! ನಮ್ಮ ಸಾಫ್ಟ್‌ವೇರಿಗೆ ಅವು ಅಂಕಿಗಳೇ ಅಲ್ಲ, ಬರೀ ಅಕ್ಷರ. ಒಂದು ಎಚ್ಚರಿಕೆಯನ್ನೂ ಕೊಡದೆ ಅಷ್ಟಕ್ಕೂ ಸೊನ್ನೆ ಹಾಕಿಕೊಂಡಿತ್ತು.

ಮೊದಲ ವಾರ ಟೈಪ್ ಮಾಡಿದ್ದು ಆಪರೇಟರ್ ಶಬಾನಾ. ಅವಳು ಹೆರಿಗೆ ರಜೆಗೆ ಹೋದ ಮೇಲೆ, ಯಾರಿಗೂ ತೊಂದರೆ ಬೇಡ ಅಂತ ಗಂಗಪ್ಪಣ್ಣನೇ ಟೈಪ್ ಮಾಡಲು ಕೂತಿದ್ದರು. ಪಂಚಾಯಿತಿ ಪತ್ರಗಳಿಗೆಂದು ಹಾಕಿಸಿದ್ದ ಕನ್ನಡ ಕೀಬೋರ್ಡಿನಲ್ಲಿ, ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ.

“ಅಂಕಿ ತಪ್ಪಾ ಮೇಡಂ? ನಮ್ ಮೇಷ್ಟ್ರು ಹಿಂಗೇ ಕಲ್ಸಿದ್ದು” ಅಂದರು.

ತಪ್ಪು ನನ್ನದು ಅಂದೆ. ಬಾಸನ್ನೂ ಕರೆದು ತೋರಿಸಿದೆ. ಅವರು ಗಂಗಪ್ಪಣ್ಣನಿಗೆ ಟೀ ತರಿಸಿದರು. ನಮ್ಮ ಬಾಸ್ ಕ್ಷಮೆ ಕೇಳುವುದು ಹಾಗೆಯೇ.

ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕಿಯನ್ನು ಇಂಗ್ಲಿಷಿಗೆ ಬದಲಿಸಲು ಐದು ನಿಮಿಷವೂ ಬೇಕಾಗಲಿಲ್ಲ. ಗ್ರಾಫ್ ಸರಿಹೋಯಿತು. ನಾಳೆಯೂ ಸೈಟಿಗೆ ಗಂಗಪ್ಪಣ್ಣನೇ ಹೋಗುತ್ತಾರೆ.

ಫೋನಿನಲ್ಲಿ ಫ್ಲೈಟ್ ಸದ್ದು ಕೇಳಿಸಿತ್ತಲ್ಲ... ಆಗ ಅವರು ನಿಂತಿದ್ದು ಟ್ಯಾಂಕಿನ ಬುಡದಲ್ಲೇ. ಅಷ್ಟೂ ನನಗೆ ಹೊಳೆಯಲಿಲ್ಲ.

ಮೊದಲ ಸಲ ಅಂದಿದ್ದು ಅವರಿಗೆ ಕೇಳಿಸಿರಲೇ ಇಲ್ಲ ಕಣ್ರೀ, ಎರಡನೇ ಸಲ ಯಾಕೆ ಅಂದೆ?