ಉಡಿ ತುಂಬಿದ ಲಾರಿ ಕಲ್ಲೇರು ಹತ್ತಿದ್ದು

ಅಕ್ಕಿ ಹಸನು ಮಾಡುತ್ತ ಪಡಸಾಲೆಯಲ್ಲಿ ಕುಳಿತಿದ್ದೆ. ಮೊರದಲ್ಲಿ ಎರಡು ಸೇರಿನಷ್ಟು ಅಕ್ಕಿ, ಅರ್ಧದಷ್ಟರಲ್ಲಿ ಕಲ್ಲು ಆರಿಸಿಯಾಗಿತ್ತು. ಆಗ ನನ್ನ ತಮ್ಮ ಬಸವರಾಜ ಬಸ್ಸಿಳಿದು ಬಂದವನು ಕಾಲಿಗೆ ನೀರು ಸಹ ಹಾಕಿಕೊಳ್ಳದೆ ಬಾಗಿಲಲ್ಲೇ ನಿಂತ.

"ಅಕ್ಕಾ, ಬೋರಿನ ಗಾಡಿ ಕುಷ್ಟಗಿಗೆ ಬಂದೈತಿ. ನಮ್ಮೂರ ಪಾಳಿ ಬಂತು. ಮಾವ ಎಲ್ಲದಾರ?"

ನಾವು ಆಗ ಗಂಗಾವತಿ ಹತ್ತಿರದ ಮರಳಿಯಲ್ಲಿದ್ದೆವು. ಎಂಬತ್ತರ ದಶಕದ ಮೊದಲ ವರ್ಷಗಳು; ಕೊಪ್ಪಳ, ಗಂಗಾವತಿ ಎಲ್ಲ ಇನ್ನೂ ರಾಯಚೂರು ಜಿಲ್ಲೆಯೊಳಗೇ ಇದ್ದವು. ಕಾಲುವೆಯ ದಯೆಯಿಂದ ನಮಗೆ ಹಿತ್ತಲವರೆಗೂ ನೀರು. ನನ್ನ ತವರೂರು ಮಾತ್ರ ಯಲಬುರ್ಗಾ ತಾಲ್ಲೂಕಿನ ಒಂದು ಕಲ್ಲುದಿನ್ನೆಯ ಮೇಲಿದೆ. ಅಲ್ಲಿಯ ಹೆಂಗಸರು ದಿನ್ನೆಯಿಳಿದು, ಹಳ್ಳದ ಮರಳಲ್ಲಿ ಒರತಿ ತೋಡಿ, ಚರಿಗೆಯಿಂದ ಮೊಗೆದು ಕೊಡ ತುಂಬಿಕೊಂಡು ಮತ್ತೆ ದಿನ್ನೆ ಹತ್ತಬೇಕು. ಆ ಏರಿಗೆ ಕಲ್ಲೇರು ಎಂದೇ ಹೆಸರು. ಮದುವೆಯಾಗುವ ತನಕ ನಾನೂ ಹತ್ತಿದವಳೇ. ಈಗ ಬಸವರಾಜನ ಹೆಂಡತಿ ನೀಲವ್ವ ಏಳು ತಿಂಗಳ ಬಸುರಿ, ದಿನಕ್ಕೆ ನಾಲ್ಕು ಸಲ ಹತ್ತುತ್ತಿದ್ದಳು.

ನಮ್ಮ ಮನೆಯವರು ಗದ್ದೆಯಿಂದ ಬಂದ ಮೇಲೆ ತಮ್ಮ ಪೂರ್ತಿ ಸುದ್ದಿ ಹೇಳಿದ. ಬೋರು ಕೊರೆಯುವ ಗಾಡಿ ತಾನೇ ಏರು ಹತ್ತುತ್ತದೆಯಂತೆ. ಆದರೆ ಕೊರೆಯಲು ಗಾಳಿ ಒದಗಿಸುವ ಕಂಪ್ರೆಸರನ್ನು ಬೇರೆ ಲಾರಿ ಎಳೆದು ತರಬೇಕು, ಆ ಲಾರಿಯ ಅಚ್ಚು ಮುರಿದಿದೆ. ಶುಕ್ರವಾರದೊಳಗೆ ಊರಿನವರೇ ಬೇರೆ ಲಾರಿ ತಂದರೆ ಸರಿ. ಇಲ್ಲದಿದ್ದರೆ ಅವರು ಕೊಪ್ಪಳದ ಕಡೆ ಹೋಗುತ್ತಾರೆ, ಪಾಳಿ ಮುಂದಿನ ವರ್ಷಕ್ಕೆ. ಅಂದು ಬುಧವಾರ.

"ನಿಮ್ಮೂರಾಗ ಟ್ರ್ಯಾಕ್ಟರ್ ಇಲ್ಲೇನೋ?" ಎಂದು ಇವರು ಕೇಳಿದರು.

"ಐತಿ ಮಾವಾ. ಆ ಭಾರ ಕಟ್ಟಿದ್ರ ಅದು ಏರಿನ್ಯಾಗ ಮುಂದಿನ ಗಾಲಿ ಎತ್ತತೈತಿ. ನಮ್ಮ ಮಾವನ ಮಿಲಿಟ್ರಿ ಗಾಡಿ ನಾಕೂ ಗಾಲಿಲೆ ಜಗ್ಗತೈತಿ ಅಂತ ಊರಿಗೆಲ್ಲ ಹೇಳಿ ಬಂದೀನಿ."

ಇವರು ಅಂಗಳದಲ್ಲಿದ್ದ ಲಾರಿಯನ್ನು ನೋಡಿ ಹಣೆ ತಿಕ್ಕಿಕೊಂಡರು. ಅದರ ಕಾರಣ ನನಗೆ ಗೊತ್ತಿತ್ತು. ಹದಿನೈದು ವರ್ಷ ಫೌಜಿನಲ್ಲಿ ಲಾರಿ ನಡೆಸಿ ಬಂದವರು ಇವರು. ಮಿಲಿಟರಿಯವರು ಹರಾಜಿಗೆ ಹಾಕಿದ ಈ ಹಳೆಯ ಡೀಸೆಲ್ ಗಾಡಿಯನ್ನು ದಸರೆಯ ಹೊತ್ತಿಗೆ ತಂದಿದ್ದರು. ಅದು ಬಾಗಿಲಿಗೆ ಬಂದ ದಿನ ನಾನು ಕುಂಕುಮ ಹಚ್ಚಿ, ಕಾಯಿ ಒಡೆದು, ಇವರು ಸ್ನಾನಕ್ಕೆ ಹೋದಾಗ ಉಡಿಯನ್ನೂ ತುಂಬಿದೆ. ನಮ್ಮ ಕಡೆ ಸೊಸೆ ಮನೆಗೆ ಬಂದರೆ ಅವಳ ಸೆರಗಿನಲ್ಲಿ ಕುಪ್ಪಸದ ಖಣ, ಐದು ಹಿಡಿ ಅಕ್ಕಿ, ಉತ್ತತ್ತಿ, ಅರಿಶಿಣ ಕೊಂಬು ಹಾಕುತ್ತೇವೆ. ಎಲ್ಲೆಲ್ಲಿಯೋ ದುಡಿದು ದಣಿದು ಬಂದ ಗಾಡಿ, ಅದಕ್ಕೂ ಒಂದು ಮನೆ ಬೇಕಲ್ಲ ಎಂದುಕೊಂಡೆ. ಇಂಜಿನ್ನಿನ ಬದಿಗೆ ಕೊಡೆಯಂಥ ಮುಚ್ಚಳದ ಕೆಳಗೆ ದೀಪದ ಗೂಡಿನಂಥ ಜಾಗವಿತ್ತು. ಅದರೊಳಗೆ ಉಡಿ ಇಟ್ಟು ಕೈಮುಗಿದೆ. ಇವರಿಗೆ ಹೇಳಲಿಲ್ಲ, ಇಂಥದ್ದಕ್ಕೆ ನಗುತ್ತಾರೆ.

ಮೊದಲ ಕೆಲವು ದಿನ ಗಾಡಿ ಚೆನ್ನಾಗಿ ಓಡಿತು. ಆಮೇಲೆ ದಿನದಿನಕ್ಕೆ ಜಗ್ಗುವ ಶಕ್ತಿ ಕುಂದಿತು. ಇವರು ಡೀಸೆಲ್ ಹೆಚ್ಚು ಹೋಗಲೆಂದು ಪಂಪಿನ ತಿರುಪನ್ನು ಎರಡು ಸಲ ತಿರುವಿದರು. ಹೊಗೆ ಹೆಚ್ಚಿತು, ಜಗ್ಗು ಹೆಚ್ಚಲಿಲ್ಲ. ನಾನು ಹುಲಿಗೆಮ್ಮನಿಗೆ ಹರಕೆ ಹೊತ್ತೆ.

ಗುರುವಾರ ಬೆಳಕು ಹರಿಯುವಾಗ ಮೂವರೂ ಹೊರಟೆವು. ಮೊರದ ಅಕ್ಕಿಯ ಮೇಲೆ ಬುಟ್ಟಿ ಬೋರಲು ಹಾಕಿದೆ. ಇಪ್ಪತ್ತು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಂಡೆ. ಗಂಗಾವತಿ ದಾಟುವವರೆಗೂ ಸಮತಟ್ಟಾದ ದಾರಿ, ಎರಡೂ ಕಡೆ ಹಸಿರು ಗದ್ದೆ, ತಂಪು ಗಾಳಿ. ಗಾಡಿ ದೂರಿಲ್ಲದೆ ನಡೆಯಿತು. ಕನಕಗಿರಿ ಕಳೆದ ಮೇಲೆ ನೆಲ ಒಣಗುತ್ತ, ಏರುತ್ತ ಹೋಯಿತು. ತಾವರಗೇರಾ ಇನ್ನೂ ದೂರವಿರುವಾಗ ಒಂದು ಏರಿನಲ್ಲಿ ಇವರು ಮೊದಲ ಗೇರಿಗೆ ಇಳಿದರು. ಹಿಂದೆ ಮಸಿಯಂಥ ಹೊಗೆ. ಜೋಳದ ದಂಟಿನ ಕಣಿಕೆ ಹೇರಿದ್ದ ಒಂದು ಎತ್ತಿನ ಚಕ್ಕಡಿ ನಮ್ಮನ್ನು ದಾಟಿ ಮುಂದೆ ಹೋಯಿತು. ಹೊಡೆಯುವವನು ಹಿಂತಿರುಗಿ ಕೇಳಿದ:

"ಫೌಜಿನ ಗಾಡ್ಯೇನ್ರಿ? ಲಡಾಯಿ ಮುಗಿಯೂದ್ರಾಗ ಮುಟ್ಟತೈತೇನ್ರಿ?"

"ಪಿಂಚಣಿ ತಗೊಂಡೈತಪಾ. ಇನ್ನ ಯಾಕ ಅವಸರ?" ಎಂದರು ಇವರು. ನಗುನಗುತ್ತಲೇ ಹೇಳಿದರು. ಆದರೆ ಬರೀ ಗಾಡಿಯೇ ಇಷ್ಟು ತಿಣುಕಿದರೆ, ಬೆನ್ನಿಗೆ ಕಂಪ್ರೆಸರ್ ಕಟ್ಟಿಕೊಂಡು ಕಲ್ಲೇರು ಹತ್ತುವುದು ಹೇಗೆ? ಮೂವರ ಮನಸ್ಸಿನಲ್ಲೂ ಅದೇ ಇತ್ತು. ಬಸವರಾಜ ಕುಷ್ಟಗಿಯಿಂದ ಬಸ್ಸಿಗೆ ಐದು ರೂಪಾಯಿ ಕೊಟ್ಟು ಮೂರು ತಾಸಿನಲ್ಲಿ ಬಂದಿದ್ದ ದಾರಿಗೆ ನಮಗೆ ಏಳು ತಾಸು ಹಿಡಿಯಿತು. ನಡುವೆ ಗಾಡಿ ಎಲ್ಲಿಯೂ ನಿಲ್ಲಲಿಲ್ಲ. ಅಷ್ಟಕ್ಕೆ ದೇವರಿಗೆ ಕೈಮುಗಿದೆ.

ಕುಷ್ಟಗಿಯಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ರಸ್ತೆಗಳು ಕೂಡುವಲ್ಲಿ, ಬೇವಿನ ಮರದ ಕೆಳಗೆ, ಕಂಪ್ರೆಸರ್ ನಿಂತಿತ್ತು. ಗಾಲಿಯ ಮೇಲೆ ಒಂದು ಖೋಲಿಯನ್ನೇ ಕಟ್ಟಿದಂತಿತ್ತು. ಅದನ್ನು ಕಾಯುತ್ತಿದ್ದ ಬೋರಿನವನು ನಮ್ಮ ಹೊಗೆ ನೋಡಿ, "ಇದು ತನ್ನನ್ನ ತಾನು ಎಳಕೊಂಡು ಬಂದದ್ದ ದೊಡ್ಡದಾತು. ಮೊದಲ ಹುಸೇನಸಾಬನ ಕಡೆ ಒಯ್ರಿ" ಎಂದು ಕೈ ತೋರಿಸಿದ.

ಹುಸೇನಸಾಬ್ ಗಾಡಿ ರಿಪೇರಿ ಮಾಡುವ ಬಿಳಿ ಗಡ್ಡದ ಮಿಸ್ತ್ರಿ. ನಟ್ಟು ಬಿಚ್ಚುವ ಪಾನಾವನ್ನೂ ಕೈಗೆತ್ತಿಕೊಳ್ಳದೆ, ಇವರಿಗೆ ಎಕ್ಸಲೇಟರ್ ಒತ್ತಲು ಹೇಳಿ, ತಾನು ಹೊಗೆಯನ್ನೇ ನೋಡುತ್ತ ನಿಂತ.

"ಪಂಪಿನ ತಿರುಪು ಯಾರ್ ತಿರುವ್ಯಾರ್ರಿ?"

"ನಾನ. ಎರಡು ಸಲ."

ಮಿಸ್ತ್ರಿ ನನ್ನ ಕಡೆ ತಿರುಗಿದ. "ಅಕ್ಕಾರ, ಒಲಿ ಉರೀಲಾರದ ಹೊಗಿ ಸುತ್ತಿದ್ರ ಏನ್ ಮಾಡ್ತೀರಿ?"

"ಕಟಗಿ ಹಿಂದಕ ಜಗ್ಗಿ, ಊದುಗೊಳವಿಲೆ ಊದತೀನ್ರಿ."

"ನೋಡ್ರಿ ಫೌಜಿ ಸಾಹೇಬ್ರ, ಮನ್ಯಾಗ ಗುರು ಇಟಗೊಂಡು ಊರೆಲ್ಲ ತಿರುಗೀರಿ. ನೀವು ಒಲಿಗೆ ಕಟಗಿ ತುರುಕಾಕತ್ತೀರಿ. ಇದಕ್ಕ ಬೇಕಾದದ್ದು ಗಾಳಿ."

ಬಾನೆಟ್ ಎತ್ತಿ, ಇಂಜಿನ್ನಿನ ಬದಿಯ ಆ ಕೊಡೆಯಂಥ ಮುಚ್ಚಳಕ್ಕೇ ಕೈ ಹಾಕಿದ. ನಾನು ಉಡಿ ಇಟ್ಟ ಜಾಗವೇ ಅದು. ಮುಚ್ಚಳ ತೆಗೆದು, ಕೆಳಗಿನ ಕೊಳವೆಯೊಳಗೆ ತಂತಿಯ ಕೊಕ್ಕೆ ಇಳಿಸಿ ಮೆಲ್ಲಗೆ ಎಳೆದ. ಕರಿ ಅರಿವೆಯೊಂದು ಮುದ್ದೆಯಾಗಿ ಬಂತು. ಝಾಡಿಸಿದರೆ ಎರಡು ಉತ್ತತ್ತಿ, ಒಂದು ಅರಿಶಿಣ ಕೊಂಬು ನೆಲಕ್ಕೆ ಬಿದ್ದವು. ಮೂಲೆಯಲ್ಲಿ ಒಂದಿಷ್ಟು ಹಸಿರು ಬಣ್ಣ, ಕೆಂಪು ಅಂಚು ಉಳಿದಿತ್ತು.

"ಮಿಲಿಟ್ರಿ ಮಂದಿ ಖಣ ಯಾಕ ಇಟ್ಟಾರು?" ಎಂದ ಬಸವರಾಜ.

ಸುಮ್ಮನಿದ್ದರೆ ಮಿಲಿಟರಿಯವರ ಮೇಲೆ ಹೋಗಿಬಿಡುತ್ತಿತ್ತು. ಆದರೆ ಖಣ ನೋಡಿದ ಮೇಲೆ ಸುಳ್ಳಾಡಲು ಬಾಯಿ ಬರಲಿಲ್ಲ. "ನಾನ ಇಟ್ಟೀನ್ರಿ. ಗಾಡಿ ಬಂದ ದಿನ ಉಡಿ ತುಂಬಿದ್ದೆ" ಎಂದೆ.

ಇವರು ನನ್ನನ್ನು ನೋಡಿದರು, ಖಣವನ್ನು ನೋಡಿದರು. ಮಿಸ್ತ್ರಿಯೇ ಮೊದಲು ನಕ್ಕದ್ದು.

"ಉಡಿ ತುಂಬಿದ್ದು ಛಲೋ ಮಾಡೀರಿ ಅಕ್ಕಾರ. ಆದ್ರ ಇದು ಉಡಿ ಅಲ್ಲರಿ, ಗಾಡಿ ಮೂಗು. ಮೂಗಿನ್ಯಾಗ ಖಣ ತುರುಕಿದ್ರ ಯಾವ ಸೊಸಿ ದುಡದಾಳು?"

ಬಸವರಾಜ ಆಚೆ ಮುಖ ಮಾಡಿ ನಗತೊಡಗಿದ. ಇವರು ಮಾತ್ರ ನಗಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, "ಇಷ್ಟು ತಿಂಗಳು ನಾ ಇಂಜಿನ್ನಿಗೆ ಬೈದೀನಿ. ಪಾಪ, ಮೂಗು ಕಟ್ಟಿಕೊಂಡ ದುಡದೈತಿ" ಎಂದರು. ನನಗೆ ಬೈದಿದ್ದರೆ ವಾಸಿಯಿತ್ತು.

ಕೊಳವೆಯ ಕೊನೆಗೆ ಎಣ್ಣೆ ತುಂಬಿದ ಒಂದು ಬಟ್ಟಲಿತ್ತು. ಒಳಗೆ ಹೋಗುವ ಗಾಳಿಯ ಧೂಳನ್ನು ಅದು ಹಿಡಿದಿಟ್ಟುಕೊಳ್ಳುತ್ತದಂತೆ. ನನ್ನ ಐದು ಹಿಡಿ ಅಕ್ಕಿ ಅದರ ತಳದಲ್ಲಿ ಕರಿ ಹಿಟ್ಟಾಗಿ ಕೂತಿತ್ತು. ಬಟ್ಟಲು ತಡೆಯದೆ ಕಾಳು ಒಳಗೆ ಹೋಗಿದ್ದರೆ ಇಂಜಿನ್ನೇ ಕೆಡುತ್ತಿತ್ತು ಎಂದ ಮಿಸ್ತ್ರಿ. ತಪ್ಪು ನನ್ನದು, ತಡೆದು ಕಾಪಾಡಿದವಳು ಆ ತಾಯಿ ಹುಲಿಗೆಮ್ಮ. ಮಿಸ್ತ್ರಿ ಬಟ್ಟಲನ್ನು ಡೀಸೆಲಿನಲ್ಲಿ ತೊಳೆದು ಹೊಸ ಎಣ್ಣೆ ಹಾಕಿದ. ಪಂಪಿನ ತಿರುಪನ್ನು ಒಂದು ಸಲದಷ್ಟು ಹಿಂದಕ್ಕೆ ತಿರುವಿ, ಇನ್ನೊಂದು ಸಲದ್ದನ್ನು ಹಾಗೇ ಬಿಟ್ಟ. "ಈಗ ಗಾಳಿ ಐತಿ, ಈಟು ಕಟಗಿ ಹೆಚ್ಚಿದ್ರೂ ಸುಟ್ಟು ಶಕ್ತಿ ಕೊಡತೈತಿ" ಎಂದ.

ಇವರು ಗಾಡಿ ಶುರುಮಾಡಿದರು. ಸದ್ದೇ ಬೇರೆ. ದಪ್ಪ, ತುಂಬಿದ ಸದ್ದು. ನೆಗಡಿ ಬಿಟ್ಟವರ ದನಿಯ ಹಾಗೆ. ಸಂಜೆ ಕಂಪ್ರೆಸರ್ ಕಟ್ಟಿಕೊಂಡು ಒಂದು ಸುತ್ತು ಹಾಕಿ ಬಂದೆವು. ಬೋರಿನವನು ನಮಗೆ ಚಹಾ ತರಿಸಿದ.

ಶುಕ್ರವಾರ ಮುಂಜಾನೆ ಕುಷ್ಟಗಿ ಬಿಟ್ಟೆವು. ಮುಂದೆ ಬೋರಿನ ಗಾಡಿ, ಹಿಂದೆ ನಾವು. ಒಂಬತ್ತರ ಹೊತ್ತಿಗೆ ಕಲ್ಲೇರಿನ ಬುಡ ಮುಟ್ಟಿದೆವು. ಊರಿಗೆ ಊರೇ ಇಳಿದು ಬಂದಿತ್ತು. ಬೋರಿನ ಗಾಡಿ ಹತ್ತಿಹೋಯಿತು. ಇವರು ನನ್ನನ್ನು ಇಳಿಯಲು ಹೇಳಿ, ಮುಂದಿನ ಗಾಲಿಗಳೂ ಜಗ್ಗುವಂತೆ ಒಂದು ಹಿಡಿಕೆ ಎಳೆದು, ಮೊದಲ ಗೇರು ಹಾಕಿದರು. ನಾನು ನೀಲವ್ವನ ಜೊತೆ ಹಿಂದೆ ನಡೆದೆ. ಅವಳ ಸೊಂಟದ ಮೇಲೆ ಹಳ್ಳದಿಂದ ತಂದ ಕೊಡವಿತ್ತು, ಇಸಿದುಕೊಂಡೆ.

ಅರ್ಧ ಏರಿನಲ್ಲಿ ಸಡಿಲು ಕಲ್ಲಿನ ತಿರುವು. ಅಲ್ಲಿ ಹಿಂದಿನ ಗಾಲಿ ತಿರುಗುತ್ತ ನಿಂತಲ್ಲೇ ನಿಂತಿತು. ಕಂಪ್ರೆಸರ್ ಒಂದು ಗೇಣು ಹಿಂದೆ ಜಾರಿತು. ಗಂಡಸರು ಗಾಲಿಗೆ ಕಲ್ಲು ಒಡ್ಡಿದರು, ಹೆಂಗಸರು ಓಡಿಹೋಗಿ ಕಣಿಕೆ ತಂದು ಗಾಲಿಯ ಮುಂದೆ ಹಾಸಿದರು. ನಾನು ಕೊಡ ಹೊತ್ತುಕೊಂಡೇ ಹೊಗೆಯ ಕಡೆ ನೋಡಿದೆ. ತೆಳುವಾದ ಬೂದಿ ಬಣ್ಣ, ಮಸಿಯಿರಲಿಲ್ಲ. ಇಂಜಿನ್ನಿಗೆ ಗಾಳಿ ಸಿಗುತ್ತಿದೆಯೆಂದು ಧೈರ್ಯ ಬಂತು. ಇವರು ಮತ್ತೆ ಕ್ಲಚ್ ಬಿಟ್ಟರು. ಕಣಿಕೆ ಲಟಲಟ ಮುರಿಯಿತು, ಗಾಲಿ ಹಿಡಿಯಿತು, ಗಾಡಿ ಮೆಲ್ಲಗೆ, ಎಲ್ಲಿಯೂ ಏದುಸಿರು ಬಿಡದೆ, ತಿರುವು ದಾಟಿ ಮೇಲೆ ಹೋಯಿತು. ಬೋರು ಕೊರೆಯಬೇಕಿದ್ದ ಶಾಲೆಯ ಮುಂದೆ ನಿಂತಾಗ ಓಣಿಯ ಮುದುಕಿಯೊಬ್ಬಳು ಬಂದು, ಜ್ವರ ನೋಡುವಂತೆ ಬಾನೆಟ್ ಮುಟ್ಟಿ ನೋಡಿದಳು.

"ಮೈ ಕಾದೈತಿ. ದಣಿದೈತವ್ವಾ. ನೀರು ಹಾಕ್ರಿ."

ನಾನು ಹೊತ್ತು ತಂದ ನೀಲವ್ವನ ಕೊಡದ ನೀರನ್ನೇ ರೇಡಿಯೇಟರಿಗೆ ಹಾಕಿದೆವು. ಕಲ್ಲೇರು ಹತ್ತಿಸಿದ ನೀರನ್ನು ಹೀಗೆ ಸುರಿದಾಗ ಯಾರೂ ಮರುಗದೆ ಇದ್ದದ್ದು ನಾನು ನೋಡಿದ್ದು ಅದೊಂದೇ ಸಲ.

ಶನಿವಾರ ಮಧ್ಯಾಹ್ನದವರೆಗೂ ಬೋರಿನಿಂದ ವಿಭೂತಿಯಂಥ ಒಣ ಹುಡಿ ಬಂತು. ಎಲ್ಲರ ತಲೆಯೂ ಬೆಳ್ಳಗಾಯಿತು. ಇನ್ನೂರು ಅಡಿ ದಾಟಿದ ಮೇಲೆ ಹುಡಿ ಒದ್ದೆಯಾಯಿತು, ಕೆಸರಾಯಿತು, ಆಮೇಲೆ ನೀರು ಚಿಮ್ಮಿತು. ಒಂದೂವರೆ ಇಂಚು ನೀರು, ಊರಿಗೆ ಸಾಕು ಎಂದರು ಬೋರಿನವರು. ತಿಳಿಯಾದ ಮೇಲೆ ನೀಲವ್ವ ಬೊಗಸೆಯಲ್ಲಿ ಹಿಡಿದು ಕುಡಿದಳು.

"ಈಟು ಚೊಗರು ಐತಿ."

"ಇರಲಿ ಬಿಡ, ಮನಿ ಮುಂದ ಐತಲ್ಲ" ಎಂದೆ. ಅವಳು ಮತ್ತೊಂದು ಬೊಗಸೆ ಕುಡಿದಳು.

ಭಾನುವಾರ ಕಂಪ್ರೆಸರನ್ನು ಕೊಪ್ಪಳಕ್ಕೆ ಮುಟ್ಟಿಸಿ, ಸುತ್ತಾದರೂ ಸರಿಯೆಂದು ಹುಲಿಗಿಗೆ ಹೋಗಿ ತಾಯಿಗೆ ಹರಕೆ ಒಪ್ಪಿಸಿದೆವು. ದಾರಿಯ ಏರುಗಳಲ್ಲಿ ನಮ್ಮ ಗಾಡಿ ಮೂರು ಚಕ್ಕಡಿಗಳನ್ನು ಹಿಂದೆ ಹಾಕಿತು. ಇವರು ಎಣಿಸಿದರು, ನನಗೂ ಹೇಳಿದರು. ಮನೆಯ ಅಂಗಳಕ್ಕೆ ಬಂದು ಇಂಜಿನ್ ನಿಲ್ಲಿಸಿದ ಮೇಲೆ, ಖಣದ ವಿಷಯವನ್ನು ಕುಷ್ಟಗಿ ಬಿಟ್ಟ ಮೇಲೆ ಮೊದಲ ಸಲ ಎತ್ತಿದರು.

"ಮತ್ತ ಉಡಿ ತುಂಬಾಕಿ ಇದ್ರ ತುಂಬು. ನನ್ನ ಮುಂದ ತುಂಬು, ಸೀಟಿನ ಮ್ಯಾಲ ಇಡು."

ಒಳಗೆ ಹೋಗಿ ಬುಟ್ಟಿ ಎತ್ತಿದೆ. ಅಂಚಿಗೆ ನಾಲ್ಕು ಇರುವೆ ಬಿಟ್ಟರೆ ಅಕ್ಕಿ ಬಿಟ್ಟುಹೋದಂತೆಯೇ ಇತ್ತು. ಹಸನಾದ ಬದಿಯಿಂದ ಐದು ಹಿಡಿ ಬೇರೆ ತೆಗೆದಿಟ್ಟು, ಮೊರ ತೊಡೆಯ ಮೇಲೆ ಇಟ್ಟುಕೊಂಡು, ಉಳಿದ ಅರ್ಧದಲ್ಲಿ ಕಲ್ಲು ಆರಿಸಲು ಕುಳಿತೆ.