ನಾನು ಅಳಿಸಿದ ಎರಡು ವಾಕ್ಯ

ಆ ಸದ್ದು ನನಗೆ ಕೇಳಲೇ ಇಲ್ಲ. ಗಾಜಿನ ಈಚೆ ಕೂತಿದ್ದ ನನಗೆ ಕಂಡದ್ದು ಇಷ್ಟೇ: ಯಾರೋ ಹೊಡೆದಂತೆ ಚಿಕ್ಕಮ್ಮನ ತಲೆ ಎಡಕ್ಕೆ ವಾಲಿತು. ಹೆಡ್‌ಫೋನನ್ನು ಕಿತ್ತೆಸೆದು, ಬಲಗಿವಿಯನ್ನು ಅಂಗೈಯಿಂದ ಒತ್ತಿಕೊಂಡು ಅವಳು ಕುರ್ಚಿಯಿಂದ ನೆಲಕ್ಕಿಳಿದಳು. ಈಗಲೂ ಅನ್ನಕ್ಕೆ ನೀರಿಡುವಾಗ, ಬಸ್ಸಿಗೆ ಕಾಯುವಾಗ ಅದೇ ಕಾಣುತ್ತದೆ, ಸದ್ದೇ ಇಲ್ಲದೆ.

ನನ್ನ ಕೆಲಸ ಬರೆಯುವುದು. ಬಿ.ಎ. ಓದಿದವಳು, ಶಿರವಾಡದ ಮನೆಯಲ್ಲಿ ಕೂತು ದೂರದ ಒಂದು ಕಂಪನಿಗೆ ಬರೆದುಕೊಡುತ್ತೇನೆ. ಹಾಡುಗಳನ್ನು ಧ್ವನಿಮುದ್ರಿಸಿ ಹದಗೊಳಿಸುವ ಸಾಫ್ಟ್‌ವೇರನ್ನು ಎಐ ಏಜೆಂಟ್ ತಾನೇ ನಡೆಸಲು ಬೇಕಾಗುವ ಟೂಲುಗಳನ್ನು ಆ ಕಂಪನಿ ಮಾಡುತ್ತದೆ. ಟ್ರ್ಯಾಕ್ ತೆರೆಯಲು ಒಂದು, ಕತ್ತರಿಸಲು ಒಂದು, ದನಿ ಏರಿಸಲು ಒಂದು. ಪ್ರತಿಯೊಂದೂ ಏನು ಮಾಡುತ್ತದೆ ಎಂದು ಏಜೆಂಟಿಗೆ ತಿಳಿಸುವ ವಿವರಣೆ ನನ್ನದು. ಅದಕ್ಕೆ ಕಿವಿಯಿಲ್ಲ. ಗಾಜಿನ ಆಚೆ ಯಾರು ಕೂತಿದ್ದಾರೆಂದು ಕಾಣುವುದೂ ಇಲ್ಲ. ನಾನು ಬರೆದದ್ದೇ ಅದರ ಲೋಕ.

ದನಿ ಏರಿಸುವ ಟೂಲಿಗೆ ಮೊದಲು ಒಂದು ಸಾಲಿನ ವಿವರಣೆ ಬರೆದು, ಅದರ ಕೆಳಗೆ ಹೀಗೆ ಸೇರಿಸಿದ್ದೆ: "ಈ ಅಂಕಿ ಡೆಸಿಬಲ್‌ನಲ್ಲಿದೆ, ಶೇಕಡಾ ಅಲ್ಲ. ಯಾರಾದರೂ ಹೆಡ್‌ಫೋನ್ ಹಾಕಿಕೊಂಡಿರಬಹುದು, ಒಮ್ಮೆಗೆ ಮೂರಕ್ಕಿಂತ ಹೆಚ್ಚು ಏರಿಸಬೇಡ."

ನಮ್ಮ ಬರಹ ನೋಡುವ ಹಿರಿಯರು ಬದಿಯಲ್ಲಿ ಗುರುತು ಹಾಕಿದರು. ಏಜೆಂಟ್ ಪ್ರತಿ ಸಲವೂ ಇದನ್ನೆಲ್ಲ ಓದಬೇಕು, ಉದ್ದವಾದಷ್ಟೂ ನಿಧಾನ, ಇಷ್ಟು ಅದಕ್ಕೆ ತಾನೇ ತಿಳಿಯುತ್ತದೆ ಎಂದರು. ನಾನು ವಾದಿಸಲಿಲ್ಲ. ಎರಡೂ ವಾಕ್ಯ ಅಳಿಸಿ "ದನಿಯ ಮಟ್ಟ ಬದಲಿಸುತ್ತದೆ, ಅಂಕಿ ಕೊಡಿ" ಎಂದಷ್ಟೇ ಉಳಿಸಿದೆ. ಮುಂದಿನ ಮೀಟಿಂಗಿನಲ್ಲಿ ಅದನ್ನೇ ಮಾದರಿಯೆಂದು ಎಲ್ಲರಿಗೂ ತೋರಿಸಿದರು. ನನಗೆ ಹೆಮ್ಮೆಯಾಗಿತ್ತು, ಅದನ್ನೂ ಹೇಳಬೇಕು.

ಅಕ್ಕನ ಗಂಡ, ನನ್ನ ಭಾವ, ಶಿರವಾಡದಲ್ಲೇ ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದಾನೆ. ಭಾವಿಕೇರಿಯ ಚಿಕ್ಕಮ್ಮನ ಹಾಡುಗಳನ್ನು ಹೊಸ ಏಜೆಂಟಿನಿಂದಲೇ ಮಾಡಿಸೋಣ ಎಂದವಳು ನಾನೇ. ಚಿಕ್ಕಮ್ಮ ಮತ್ತು ಅವಳ ಹಿರಿಯ ವಾರಗಿತ್ತಿ ಗದ್ದೆ ನಟ್ಟಿಯಲ್ಲಿ, ಮದುವೆಯಲ್ಲಿ ಜೋಡಿಯಾಗಿ ಹಾಡುವವರು. ಹಿರಿಯಳು ಸಾಲು ಮುಗಿಸುವ ಮೊದಲೇ ಅದರ ಕೊನೆಯ ಮಾತನ್ನು ಚಿಕ್ಕಮ್ಮ ಎತ್ತಿಕೊಳ್ಳಬೇಕು, ನಡುವೆ ಉಸಿರಿನಷ್ಟೂ ಸಂದು ಇರಬಾರದು. ಆದರೆ ಏಜೆಂಟಿಗೆ ದನಿಗಳು ಬೇರೆಬೇರೆಯಾಗಿ ಬೇಕು. ಹಾಗಾಗಿ ಹಿರಿಯಳದ್ದನ್ನು ಮೊದಲು ಮುದ್ರಿಸಿ, ಅದನ್ನು ಹೆಡ್‌ಫೋನಿನಲ್ಲಿ ಕೇಳಿಸುತ್ತ ಚಿಕ್ಕಮ್ಮನನ್ನು ಗಾಜಿನ ಆಚೆಯ ಕೋಣೆಯಲ್ಲಿ ಹಾಡಿಸಿದೆವು.

"ಅಳಿಯಂದ್ರೆ, ನಿಮ್ಮ ಏಜೆಂಟ ಇನ್ಶೂರೆನ್ಸಿನವ್ನಾ?" ಎಂದಳು ಚಿಕ್ಕಮ್ಮ ಮೈಕಿನಲ್ಲಿ.

"ಅಲ್ಲ ಅತ್ತೆ. ಇವ ಚಾ ಕೇಳೂದಿಲ್ಲ."

"ಹಂಗಾರೆ ಚಲೋ ಜನ."

ನನ್ನ ಪಕ್ಕದಲ್ಲಿದ್ದ ವಾರಗಿತ್ತಿ ಗೊಣಗಿದಳು. "ನಾ ಇಲ್ಲೇ ಜೀವಂತ ಕೂತಿದ್ದೆ. ನನ್ನ ಪೆಟ್ಗೇಲಿ ಹಾಕಿ ಅವ್ಳಿಗೆ ಕೇಳ್ಸೂದು ಎಂತಕ್ಕೆ?"

ಚಿಕ್ಕಮ್ಮ ಎಡಗಿವಿಯ ಮೇಲಿನ ಹೆಡ್‌ಫೋನ್ ಸರಿಸಿ, ಬಲಗಿವಿಯಲ್ಲಷ್ಟೇ ಕೇಳುತ್ತಿದ್ದಳು. "ಅಕ್ಕನ ಪದದ ತುದಿ ಸಿಕ್ಕೂದಿಲ್ಲ, ಸ್ವಲ್ಪ ದೊಡ್ಡ ಮಾಡಿ" ಎಂದಳು.

"ಹಿರಿಯವರ ದನಿ ಮೂವತ್ತು ಪರ್ಸೆಂಟ್ ಹೆಚ್ಚು ಮಾಡು" ಎಂದು ಭಾವ ಏಜೆಂಟಿಗೆ ಹೇಳಿದ.

ಅದು ನನ್ನ ವಿವರಣೆ ಓದಿತು. ಅಂಕಿ ಕೊಡಿ ಎಂದಿತ್ತು, ಕೊಟ್ಟಿತು: ಮೂವತ್ತು. ಟೂಲು ಅದನ್ನು ಡೆಸಿಬಲ್ ಎಂದೇ ತೆಗೆದುಕೊಂಡಿತು. ಶೇಕಡಾ ಮೂವತ್ತೆಂದರೆ ತುಸು ಹೆಚ್ಚು. ಮೂವತ್ತು ಡೆಸಿಬಲ್ ಎಂದರೆ ಕಿವಿಯೊಳಗೆ ಗರ್ನಾಲು ಪಟಾಕಿ ಸಿಡಿದ ಹಾಗೆ. ಚಿಕ್ಕಮ್ಮ ನೆಲದ ಮೇಲೆ ಮುದುಡಿದ್ದಾಗ ಪರದೆಯ ಮೇಲೆ ಉತ್ತರ ಬಂತು: "ದನಿ ಏರಿಸಲಾಗಿದೆ. ಈಗ ಸರಿಯಿದೆಯೇ?"

ಕಾರವಾರದ ಕಿವಿಯ ಡಾಕ್ಟರು ಮಾತ್ರೆ ಕೊಟ್ಟು, ತಿಂಗಳು ಬಿಟ್ಟು ಬನ್ನಿ ಎಂದರು. ಮತ್ತೆ ಪರೀಕ್ಷೆ ಮಾಡಿ, ಬಲಗಿವಿಗೆ ತೆಳು ಸದ್ದುಗಳು ಇನ್ನು ಬರುವ ಹಾಗೆ ಕಾಣುವುದಿಲ್ಲ ಎಂದರು. ಕಂಪನಿಗೆ ಎಲ್ಲ ಬರೆದೆ. ತಿಳಿಸಿದ್ದಕ್ಕೆ ಧನ್ಯವಾದ ಹೇಳಿದರು. ಹೆಡ್‌ಫೋನಿನ ಮಿತಿ ನೋಡಿಕೊಳ್ಳುವುದು ಸ್ಟುಡಿಯೋದವರ ಜವಾಬ್ದಾರಿ ಎಂದರು. ನನ್ನ ಎರಡು ವಾಕ್ಯಗಳನ್ನು ವಾಪಸು ಸೇರಿಸಿ, ಬದಲಾವಣೆಗಳ ಪಟ್ಟಿಯಲ್ಲಿ "ವಿವರಣೆ ಸುಧಾರಿಸಲಾಗಿದೆ" ಎಂದು ಬರೆದರು. ನಾನು ಇನ್ನೂ ಅಲ್ಲೇ ಕೆಲಸ ಮಾಡುತ್ತೇನೆ.

ಆಮೇಲೆ ಕಿನ್ನರ ಎಂಬ ಊರಿನಲ್ಲಿ ನೆಂಟರ ಮದುವೆ. ಅಷ್ಟರಲ್ಲಿ ಭಾವಿಕೇರಿಯ ಜಗುಲಿಯಲ್ಲಿ ಇಬ್ಬರೂ ಎಷ್ಟೋ ಸಲ ಹಾಡಿ ನೋಡಿದ್ದರಂತೆ. ಜಾಗ ಅದಲುಬದಲು ಮಾಡಿಕೊಂಡು ಕೂತರೂ ಚಿಕ್ಕಮ್ಮ ಒಂದು ಉಸಿರು ತಡ. ಮದುವೆಯಲ್ಲಿ ಹಿರಿಯಳ ಪಕ್ಕ ಅವಳ ಸೊಸೆ ಕೂತಿದ್ದಳು. ಚಿಕ್ಕಮ್ಮ ಹೆಂಗಸರ ಹಿಂದಿನ ಸಾಲಿನಲ್ಲಿದ್ದಳು. ನಾನು ಅವಳ ಕೇಳುವ ಕಿವಿಯ ಕಡೆ, ಎಡಬದಿಗೆ, ಹೋಗಿ ಕೂತು, ಅಷ್ಟು ದಿನ ಯಂತ್ರದ ತಪ್ಪೆಂದು ಹೇಳಿಕೊಂಡು ಬಂದದ್ದನ್ನು ಸರಿಯಾಗಿ ಹೇಳಿದೆ. ಬರೆದದ್ದು, ಅಳಿಸಿದ್ದು, ಎಲ್ಲ.

ಅವಳು ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡಳು.

"ಮೊದ್ಲು ಬರ್ದಿದ್ಯಾ?"

"ಬರ್ದಿದ್ದೆ."

"ಮರ್ತು ಹೋಗಿದ್ರೆ ಬೇರೆ ಮಾತು," ಎಂದಳು. "ನಿಂಗೆ ಗೊತ್ತಿತ್ತು."

ಎಲೆ ಮಡಚಿ ಬಾಯಿಗಿಟ್ಟುಕೊಂಡಳು. ಮುಂದೆ ಸೊಸೆ ತಪ್ಪಿಲ್ಲದೆ ಸಾಲು ಎತ್ತಿಕೊಳ್ಳುತ್ತಿದ್ದಳು. ಚಿಕ್ಕಮ್ಮ ನನಗೆ ಬಲಬದಿಗೆ ಬಂದು ಕೂರಲು ಹೇಳಿದಳು, ಎಡಗಿವಿಗೆ ಹಾಡು ಬೇಕಿತ್ತು.